ಚಕ್ರ, ಹಸಿರುಮನೆ, ಶ್ವಾಸಕೋಶ: ಇಂಗಾಲದ ಕತೆ ಹೇಳುವ ಮೂರು ಪದಗಳ ವಿಮರ್ಶೆ

(ಗಡಿನಾಡ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸದೆ ಬರಹಕ್ಕೆ ಇಳಿಸಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

 

ವಿಮರ್ಶೆ ಅಂದ ಕೂಡಲೇ ನಾವು ಕತೆ, ಕಾದಂಬರಿ, ಕವಿತೆಯನ್ನು ಕೈಗೆತ್ತಿಕೊಳ್ಳುತ್ತೇವೆ. ವಿಜ್ಞಾನದ ಬರಹವನ್ನು ಮಾತ್ರ ಸರಿಯೋ ತಪ್ಪೋ ಎಂದಷ್ಟೇ ನೋಡಿ ಬಿಟ್ಟುಬಿಡುತ್ತೇವೆ. ಆದರೆ ವಿಜ್ಞಾನದ ಬರಹವೂ ರೂಪಕಗಳ ಮೇಲೆಯೇ ನಿಂತಿರುತ್ತದೆ. ರೂಪಕ ಅಂದಮೇಲೆ ಅದು ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ. ಹವಾಮಾನ ಬದಲಾವಣೆಯ ಬಗ್ಗೆ ಕನ್ನಡದಲ್ಲಿ ಬರುವ ಪಾಠ, ಲೇಖನ, ಭಾಷಣಗಳಲ್ಲಿ ಮತ್ತೆ ಮತ್ತೆ ಕಾಣುವ ಮೂರು ಪದಗಳನ್ನು ಇವತ್ತು ತೆಗೆದುಕೊಂಡಿದ್ದೇನೆ. ಇಂಗಾಲದ ‘ಚಕ್ರ’, ‘ಹಸಿರುಮನೆ’ ಅನಿಲ, ಕಾಡೆಂಬ ‘ಶ್ವಾಸಕೋಶ’. ಈ ಮೂರೂ ಸೇರಿ ಓದುಗನಿಗೆ ಒಂದು ಸುಳ್ಳು ಸಮಾಧಾನವನ್ನು ಕೊಡುತ್ತವೆ ಎಂಬುದು ನನ್ನ ವಾದ. ಹೋದದ್ದು ತಿರುಗಿ ಬರುತ್ತದೆ, ಹಸಿರಾಗಿದ್ದರೆ ಒಳ್ಳೆಯದೇ, ಮರ ನೆಟ್ಟರೆ ಸರಿಹೋಗುತ್ತದೆ ಎನ್ನುವಂಥ ಸಮಾಧಾನ.

ಇದು ನಮಗೆ ಯಾಕೆ ಮುಖ್ಯ ಅಂದರೆ, ಗಡಿಯಾಚೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನದ ಪುಸ್ತಕ ಬೆಂಗಳೂರಿನಿಂದ ಬರುವುದಿಲ್ಲ. ಕಾಸರಗೋಡಿಗೆ ಕೇರಳದ ಪಠ್ಯ, ಸೊಲ್ಲಾಪುರ-ಜತ್ತಕ್ಕೆ ಮಹಾರಾಷ್ಟ್ರದ ಪಠ್ಯ ಕನ್ನಡದಲ್ಲಿ ಬರುತ್ತದೆ. ಪಠ್ಯದ ಆಚೆ ಕನ್ನಡದಲ್ಲಿ ವಿಜ್ಞಾನ ಓದಲು ಹೆಚ್ಚೇನೂ ಕೈಗೆ ಸಿಗದ ಕಡೆ, ಒಂದು ಪದ ಕೊಡುವ ಚಿತ್ರವೇ ಮಗುವಿನ ತಲೆಯಲ್ಲಿ ಕೊನೆಯವರೆಗೂ ಉಳಿದುಬಿಡುತ್ತದೆ.

1. ಮೊದಲು ಲೆಕ್ಕ

ಪದಗಳ ವಿಚಾರಕ್ಕೆ ಹೋಗುವ ಮುಂಚೆ ಲೆಕ್ಕವನ್ನು ಎದುರಿಗೆ ಇಟ್ಟುಕೊಳ್ಳೋಣ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಕಾರ್ಬನ್ ಡೈಆಕ್ಸೈಡ್ ಅಣುಗಳಿದ್ದವು. 1958ರ ಮಾರ್ಚ್‌ನಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರುಮಾಡಿದಾಗ ಅದು 313ರ ಆಸುಪಾಸಿನಲ್ಲಿತ್ತು. 2024ರಲ್ಲಿ ಅದೇ ಜಾಗದ ವಾರ್ಷಿಕ ಸರಾಸರಿ 424ನ್ನು ದಾಟಿತು. ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಕೊಂಡ ಹಳೆಯ ಗಾಳಿಯ ಗುಳ್ಳೆಗಳನ್ನು ಅಳೆದು ನೋಡಿದರೆ, ಹಿಂದಿನ 8 ಲಕ್ಷ ವರ್ಷಗಳಲ್ಲಿ ಇದು ಸುಮಾರು 180 ಮತ್ತು 300ರ ನಡುವೆಯೇ ಏರಿಳಿದದ್ದು ಕಾಣುತ್ತದೆ.

ಇನ್ನು ಒಳಹರಿವು, ಹೊರಹರಿವು. ನೆಲದ ಮೇಲಿನ ಸಸ್ಯಗಳು ವರ್ಷಕ್ಕೆ ಸುಮಾರು 12,000 ಕೋಟಿ ಟನ್ ಇಂಗಾಲವನ್ನು ಗಾಳಿಯಿಂದ ಎಳೆದುಕೊಳ್ಳುತ್ತವೆ. ಸಸ್ಯಗಳ ಉಸಿರಾಟ, ಎಲೆ ಕೊಳೆಯುವುದು, ಮಣ್ಣಿನ ಜೀವಿಗಳು, ಬೆಂಕಿ ಇವೆಲ್ಲ ಸೇರಿ ಹೆಚ್ಚುಕಡಿಮೆ ಅಷ್ಟನ್ನೇ ವಾಪಸು ಬಿಡುತ್ತವೆ. ಸಮುದ್ರ ಮತ್ತು ಗಾಳಿಯ ನಡುವೆ ಸುಮಾರು 8,000 ಕೋಟಿ ಟನ್ ಆಚೆ ಈಚೆ ಓಡಾಡುತ್ತದೆ. ಕಲ್ಲಿದ್ದಲು, ಎಣ್ಣೆ, ಅನಿಲ ಸುಡುವುದರಿಂದ ಮತ್ತು ಸಿಮೆಂಟಿನಿಂದ ನಾವು ಸೇರಿಸುವುದು ವರ್ಷಕ್ಕೆ ಸುಮಾರು 1,000 ಕೋಟಿ ಟನ್. ಕಾಡು ಕಡಿಯುವುದರಿಂದ ಇನ್ನೊಂದು 100 ಕೋಟಿ ಟನ್‌ನಷ್ಟು. ಇದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಭಾಗ ಗಾಳಿಯಲ್ಲೇ ಉಳಿಯುತ್ತದೆ. ಉಳಿದದ್ದನ್ನು ನೆಲ ಮತ್ತು ಸಮುದ್ರ ಹಂಚಿಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಇವು ಇಂಗಾಲದ ಟನ್‌ಗಳು. ಕಾರ್ಬನ್ ಡೈಆಕ್ಸೈಡಿನ ಟನ್ ಬೇಕಾದರೆ 3.67ರಿಂದ ಗುಣಿಸಬೇಕು. 1,000 ಕೋಟಿ ಟನ್ ಇಂಗಾಲ ಅಂದರೆ ಸುಮಾರು 3,700 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್. ‘ಇಂಗಾಲ ಹೊರಸೂಸುವಿಕೆ’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಹೇಳಿಬಿಟ್ಟರೆ, ಅದೇ ಮಾತು ಮೂರೂವರೆ ಪಟ್ಟಿಗಿಂತ ಹೆಚ್ಚು ವ್ಯತ್ಯಾಸದ ಎರಡು ಸಂಖ್ಯೆಗಳನ್ನು ಹೊತ್ತುಕೊಂಡು ತಿರುಗುತ್ತದೆ. ಓದುಗ ಯಾವುದನ್ನು ನಂಬಬೇಕು?

2. ಚಕ್ರ

ಚಕ್ರ ಅನ್ನುವುದು ನಮಗೆ ಬಹಳ ಹಳೆಯ, ಬಹಳ ಆಪ್ತವಾದ ಪದ. ಕಾಲಚಕ್ರ, ಋತುಚಕ್ರ, ಜೀವನಚಕ್ರ. ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ನಿಲ್ಲುವುದು ಚಕ್ರದ ಗುಣ. ಪಾಠದ ಚಿತ್ರದಲ್ಲೂ ಹಾಗೆಯೇ: ಗಾಳಿ, ಮರ, ದನ, ಮಣ್ಣು, ಮತ್ತೆ ಗಾಳಿ, ಸುತ್ತಲೂ ಬಾಣಗಳು. ಒಂದು ಮೂಲೆಯಲ್ಲಿ ಕಾರ್ಖಾನೆಯ ಚಿಮಣಿ, ಅದಕ್ಕೂ ಒಂದು ಬಾಣ. ಎಲ್ಲ ಬಾಣಗಳೂ ಒಂದೇ ದಪ್ಪ, ಒಂದೇ ವೇಗ.

ತೊಂದರೆ ಇರುವುದು ಇಲ್ಲಿಯೇ. ಇಂಗಾಲಕ್ಕೆ ಇರುವುದು ಒಂದು ಚಕ್ರವಲ್ಲ, ಕಡೇಪಕ್ಷ ಎರಡು. ಒಂದು ವೇಗದ್ದು: ಗಾಳಿ, ಗಿಡ, ಮಣ್ಣು, ಸಮುದ್ರದ ಮೇಲ್ಪದರ. ಇದರ ಲೆಕ್ಕ ದಿನ, ವರ್ಷ, ಶತಮಾನಗಳಲ್ಲಿ. ಇನ್ನೊಂದು ನಿಧಾನದ್ದು: ಬಂಡೆ, ನದಿ, ಸಮುದ್ರದ ತಳ, ಜ್ವಾಲಾಮುಖಿ. ಇದರ ಲೆಕ್ಕ ಲಕ್ಷಾಂತರ ವರ್ಷಗಳಲ್ಲಿ.

ಈ ನಿಧಾನದ ಚಕ್ರಕ್ಕೆ ಉದಾಹರಣೆ ಬೇಕಾದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಗೆಳೆಯರು ತಮ್ಮ ಕಾಲಡಿ ನೋಡಿದರೆ ಸಾಕು. ಅಲ್ಲಿನ ಕಪ್ಪು ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಡಿದ ದಖನ್ ಲಾವಾ. ಆಗ ಭೂಮಿಯ ಒಳಗಿನ ಇಂಗಾಲ ಗಾಳಿಗೆ ಬಂತು. ಅಂದಿನಿಂದ ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು, ದುರ್ಬಲ ಆಮ್ಲವಾಗಿ, ಅದೇ ಬಂಡೆಯನ್ನು ಸವೆಸುತ್ತಿದೆ. ಸವೆದದ್ದು ಎರೆಮಣ್ಣಾಗುತ್ತದೆ. ಕರಗಿದ ಇಂಗಾಲ ಬೈಕಾರ್ಬನೇಟ್ ರೂಪದಲ್ಲಿ ಭೀಮೆಗೆ, ಕೃಷ್ಣೆಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಮುದ್ರದ ಜೀವಿಗಳು ಅದನ್ನು ಚಿಪ್ಪು ಮಾಡಿಕೊಳ್ಳುತ್ತವೆ, ಚಿಪ್ಪು ತಳ ಸೇರಿ ಸುಣ್ಣದಕಲ್ಲಾಗುತ್ತದೆ. ಇದೂ ಚಕ್ರವೇ, ಸುಳ್ಳಲ್ಲ. ಆದರೆ ಯಾವ ಸರಕಾರದ ಪಂಚವಾರ್ಷಿಕ ಯೋಜನೆಯೂ ಅದಕ್ಕೆ ಕಾಯಲು ಆಗುವುದಿಲ್ಲ!

ಕಲ್ಲಿದ್ದಲನ್ನು ಸುಡುವುದು ಅಂದರೆ ನಿಧಾನದ ಚಕ್ರದಲ್ಲಿ ಕೋಟ್ಯಂತರ ವರ್ಷ ಹೂತಿದ್ದದ್ದನ್ನು ತೆಗೆದು ವೇಗದ ಚಕ್ರಕ್ಕೆ ಸುರಿಯುವುದು. ಹಾಗೆ ಸುರಿದ ಹೆಚ್ಚುವರಿಯಲ್ಲಿ ನೂರು ವರ್ಷಗಳ ಮೇಲೂ ಸುಮಾರು ಶೇ. 40 ಗಾಳಿಯಲ್ಲಿರುತ್ತದೆ. ಸಾವಿರ ವರ್ಷ ಕಳೆದರೂ ಹೆಚ್ಚುಕಡಿಮೆ ಐದರಲ್ಲಿ ಒಂದು ಭಾಗ ಉಳಿದಿರುತ್ತದೆ. ‘ಚಕ್ರ’ ಎಂಬ ಪದ ಈ ಒಂದು ಸಂಗತಿಯನ್ನು ಪೂರ್ತಿ ಮುಚ್ಚಿಹಾಕುತ್ತದೆ.

ಇನ್ನೊಂದು ವಾದವೂ ಇದೇ ಪದದ ಬೆನ್ನೇರಿ ಬರುತ್ತದೆ. ‘ಪ್ರಕೃತಿ ಬಿಡುವುದು ಇಪ್ಪತ್ತು ಸಾವಿರ ಕೋಟಿ ಟನ್, ಮನುಷ್ಯ ಬಿಡುವುದು ಒಂದು ಸಾವಿರ, ಇಷ್ಟಕ್ಕೆ ಯಾಕೆ ಗಲಾಟೆ?’ ಅಂತ. ಉತ್ತರ ಸರಳ. ಪ್ರಕೃತಿ ಬಿಡುವಷ್ಟನ್ನೂ, ಅದಕ್ಕಿಂತ ತುಸು ಹೆಚ್ಚನ್ನೂ ಪ್ರಕೃತಿಯೇ ತೆಗೆದುಕೊಳ್ಳುತ್ತದೆ. ನಾವು ಬಿಡುತ್ತೇವೆ, ತೆಗೆದುಕೊಳ್ಳುವುದಿಲ್ಲ. ಹೆಚ್ಚಾದ ಇಂಗಾಲ ಎಲ್ಲಿಂದ ಬಂತು ಎನ್ನುವುದಕ್ಕೆ ಸಾಕ್ಷಿಯೂ ಇದೆ. ಕಲ್ಲಿದ್ದಲು ಎಷ್ಟು ಹಳೆಯದೆಂದರೆ ಅದರಲ್ಲಿ ವಿಕಿರಣಶೀಲ ಕಾರ್ಬನ್-14 ಉಳಿದಿಲ್ಲ. ಗಾಳಿಯಲ್ಲಿ ಕಾರ್ಬನ್-14ರ ಪಾಲು ಹೀಗೆ ತೆಳುವಾಗುತ್ತಿದೆ ಎಂಬುದನ್ನು ಹಾನ್ಸ್ ಸ್ಯೂಸ್ 1950ರ ದಶಕದಲ್ಲೇ ತೋರಿಸಿದರು. ಕಾರ್ಬನ್-13ರ ಪಾಲೂ ಇಳಿಯುತ್ತಿದೆ. ಸುಡುವುದಕ್ಕೆ ಆಮ್ಲಜನಕ ಬೇಕಲ್ಲ, ಅದರ ಪ್ರಮಾಣವೂ ಅಳೆಯಬಹುದಾದಷ್ಟು ಕಡಿಮೆಯಾಗುತ್ತಿದೆ. ಮೂರು ಸಾಕ್ಷಿಗಳೂ ಒಂದೇ ಕಡೆ ಬೆರಳು ತೋರಿಸುತ್ತವೆ.

3. ಹಸಿರುಮನೆ

ಗಡಿನಾಡಿನವರಾದ ನಮಗೆ ಒಂದು ಅನುಕೂಲ ಇದೆ. ಎರಡು ಮೂರು ಭಾಷೆಯ ಪತ್ರಿಕೆಗಳನ್ನು ನಾವು ಅಕ್ಕಪಕ್ಕ ಇಟ್ಟು ಓದಬಲ್ಲೆವು. ಮಲಯಾಳದಲ್ಲಿ ‘ಹರಿತಗೃಹ ವಾತಕ’, ಮರಾಠಿಯಲ್ಲಿ ‘ಹರಿತಗೃಹ ವಾಯು’, ತೆಲುಗಿನಲ್ಲಿ ‘ಹರಿತಗೃಹ ವಾಯುವು’, ತಮಿಳಿನಲ್ಲಿ ‘ಪಸುಮೈ ಇಲ್ಲ ವಾಯು’. ಅಂದರೆ ಐದು ಭಾಷೆಗಳೂ ಇಂಗ್ಲಿಷಿನ ಒಂದೇ ಪದವನ್ನು ಮುರಿದು, ‘ಹಸಿರು’ ಒಂದು ಕಡೆ, ‘ಮನೆ’ ಒಂದು ಕಡೆ ಅನುವಾದಿಸಿ, ಮತ್ತೆ ಅಂಟಿಸಿವೆ. ಯಾರೂ ಆ ವಸ್ತುವನ್ನು ನೋಡಿ ಹೆಸರಿಟ್ಟಿಲ್ಲ.

ಯುರೋಪಿನ ಚಳಿದೇಶಗಳಲ್ಲಿ ಗಿಡ ಬೆಳೆಸಲು ಗಾಜಿನ ಮನೆ ಬೇಕಾಗಿತ್ತು, ಅಲ್ಲಿಯವರಿಗೆ ಅದರ ಬಿಸಿ ಮೈಗೆ ಗೊತ್ತು. ನಮ್ಮ ಮಗುವಿಗೆ ‘ಹಸಿರುಮನೆ’ ಅಂದರೆ ತಂಪು, ನೆರಳು, ತೋಟದ ನಡುವಿನ ಮನೆ. ‘ಹಸಿರು ಶಾಲೆ’, ‘ಹಸಿರು ಇಂಧನ’ ಎಂದೆಲ್ಲ ಒಳ್ಳೆಯದಕ್ಕೆ ಹಸಿರು ಅಂಟಿಸುವ ಕಾಲದಲ್ಲಿ ‘ಹಸಿರುಮನೆ ಅನಿಲ ಅಪಾಯಕಾರಿ’ ಎಂಬ ವಾಕ್ಯ ಮಗುವಿಗೆ ಒಗಟಾಗುತ್ತದೆ, ಅಲ್ವಾ?

ಸರಿ, ಹೆಸರು ಏನೇ ಇರಲಿ, ಭೌತವಿಜ್ಞಾನ ಸರಿಯಿದೆಯೇ ಎಂದು ಕೇಳಿದರೆ, ಅದೂ ಪೂರ್ತಿ ಸರಿಯಿಲ್ಲ. ಗಾಜಿನ ಮನೆ ಬಿಸಿಯಾಗುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಮೇಲೆದ್ದು ಹೊರಹೋಗಲು ಆಗದ ಕಾರಣದಿಂದ. 1909ರಲ್ಲಿ ಆರ್. ಡಬ್ಲ್ಯೂ. ವುಡ್ ಎಂಬ ವಿಜ್ಞಾನಿ ಎರಡು ಪೆಟ್ಟಿಗೆ ಮಾಡಿ, ಒಂದಕ್ಕೆ ಗಾಜು, ಇನ್ನೊಂದಕ್ಕೆ ಅವಕೆಂಪು ಕಿರಣಗಳನ್ನು ದಾಟಲು ಬಿಡುವ ಕಲ್ಲುಪ್ಪಿನ ಹಲಗೆ ಹಾಕಿ ಬಿಸಿಲಿಗಿಟ್ಟರು. ಎರಡರ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ವಾತಾವರಣದಲ್ಲಿ ನಡೆಯುವುದು ಬೇರೆ. ಒಣಗಾಳಿಯ ಶೇ. 99ರಷ್ಟಿರುವ ಸಾರಜನಕ ಮತ್ತು ಆಮ್ಲಜನಕ ನೆಲ ಹೊರಸೂಸುವ ಅವಕೆಂಪು ಕಿರಣಗಳನ್ನು ಹೆಚ್ಚುಕಡಿಮೆ ತಡೆಯುವುದೇ ಇಲ್ಲ. ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್ ಅದನ್ನು ಹೀರಿ ಎಲ್ಲ ದಿಕ್ಕಿಗೂ ಮತ್ತೆ ಸೂಸುತ್ತವೆ. ಈ ಅನಿಲಗಳು ಹೆಚ್ಚಿದಷ್ಟೂ ಶಾಖ ಬಾಹ್ಯಾಕಾಶಕ್ಕೆ ಪಾರಾಗುವ ಮಟ್ಟ ಮೇಲೆ ಮೇಲೆ, ಹೆಚ್ಚು ತಣ್ಣಗಿರುವ ಪದರಕ್ಕೆ ಏರುತ್ತದೆ. ತಣ್ಣಗಿನ ಪದರ ಕಡಿಮೆ ಸೂಸುತ್ತದೆ, ಹಾಗಾಗಿ ಕೆಳಗೆ ಬಿಸಿ ಕೂಡುತ್ತದೆ. ಈ ಹೊದಿಕೆ ಇಲ್ಲದೇ ಹೋಗಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು, ಈಗ ಇರುವುದು ಸುಮಾರು 15 ಡಿಗ್ರಿ. ಆದ್ದರಿಂದ ಈ ಅನಿಲಗಳನ್ನು ಬರೀ ವಿಷ ಎನ್ನುವುದೂ ತಪ್ಪು. ತೊಂದರೆ ಇರುವುದು ಹೊದಿಕೆ ದಪ್ಪವಾಗುತ್ತಿರುವ ವೇಗದಲ್ಲಿ.

ಇದೇನೂ ಹೊಸ ತಿಳಿವಳಿಕೆ ಅಲ್ಲ. 1856ರಲ್ಲೇ ಅಮೆರಿಕದ ಯೂನಿಸ್ ಫೂಟ್ ಕಾರ್ಬನ್ ಡೈಆಕ್ಸೈಡ್ ತುಂಬಿದ ಕೊಳವೆ ಬಿಸಿಲಿನಲ್ಲಿ ಹೆಚ್ಚು ಬಿಸಿಯಾಗುತ್ತದೆಂದು ತೋರಿಸಿದರು. 1859ರಲ್ಲಿ ಜಾನ್ ಟಿಂಡಾಲ್ ಅವಕೆಂಪಿನ ಹೀರುವಿಕೆಯನ್ನು ಅಳೆದರು. 1896ರಲ್ಲಿ ಸ್ವಾಂಟೆ ಅರೇನಿಯಸ್ ಭೂಮಿ ಎಷ್ಟು ಬಿಸಿಯಾದೀತು ಎಂದು ಲೆಕ್ಕ ಹಾಕಿದರು. ಕನ್ನಡದ ಲೇಖನಗಳು ಇದನ್ನು ‘ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಿಗಳು ಕಂಡುಕೊಂಡಂತೆ’ ಎಂದು ಶುರುಮಾಡುವಾಗ ಒಂದೂವರೆ ಶತಮಾನದ ಇತಿಹಾಸ ಬಿಟ್ಟುಹೋಗುತ್ತದೆ.

4. ಶ್ವಾಸಕೋಶ

‘ಕಾಡು ಭೂಮಿಯ ಶ್ವಾಸಕೋಶ’ ಎನ್ನುವುದು ಮೂರನೆಯ ಪದ. ಕೇಳಲು ಚಂದ. ಆದರೆ ನಮ್ಮ ಶ್ವಾಸಕೋಶ ಆಮ್ಲಜನಕ ತೆಗೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಕಾಡಿನ ಬಗ್ಗೆ ಹೇಳಬೇಕೆಂದಿರುವುದು ಇದರ ಉಲ್ಟಾ! ಅದಿರಲಿ. ಬಲಿತ ಕಾಡು ಹಗಲು ತಯಾರಿಸಿದ ಆಮ್ಲಜನಕವನ್ನು ತನ್ನ ಉಸಿರಾಟದಲ್ಲಿ, ತನ್ನ ತರಗೆಲೆ ಕೊಳೆಯುವುದರಲ್ಲಿ ಬಹುಪಾಲು ತಾನೇ ಖರ್ಚು ಮಾಡುತ್ತದೆ. ಕಾಡಿನ ದೊಡ್ಡ ಬೆಲೆ ಇರುವುದು ಅದು ಹಿಡಿದಿಟ್ಟುಕೊಂಡಿರುವ ಇಂಗಾಲದಲ್ಲಿ, ನೀರಿನಲ್ಲಿ, ಜೀವಿಗಳಲ್ಲಿ. ಅಂದರೆ ಕಾಡನ್ನು ನೋಡಬೇಕಾದದ್ದು ಕಣಜದ ಹಾಗೆ. ಕಣಜ ಅಂದ ಕೂಡಲೇ ಬೇರೆ ಪ್ರಶ್ನೆಗಳು ಏಳುತ್ತವೆ: ಎಷ್ಟು ತುಂಬಿದೆ, ಎಷ್ಟು ಕಾಲ ಇಡಬಹುದು, ಬೆಂಕಿ ಬಿದ್ದರೆ ಏನು?

ಈ ಪದದಿಂದ ಆಗಬಹುದಾದ ಹಾನಿಗೆ ನೀಲಗಿರಿ ನಮ್ಮ ಹತ್ತಿರದ ಉದಾಹರಣೆ. ಅಲ್ಲಿನ ಎತ್ತರದ ಬೆಟ್ಟಗಳು ಮೂಲದಲ್ಲಿ ದಟ್ಟ ಕಾಡಲ್ಲ. ಕಣಿವೆಯಲ್ಲಿ ಶೋಲಾ ಕಾಡು, ಬೆಟ್ಟದ ಮೈಮೇಲೆ ಹುಲ್ಲುಗಾವಲು, ತಗ್ಗಿನಲ್ಲಿ ಜೌಗು. ತೋಡರ ಎಮ್ಮೆಗಳು ಮೇಯುತ್ತಿದ್ದದ್ದು ಈ ಹುಲ್ಲಿನಲ್ಲಿ. ಬ್ರಿಟಿಷರು ಅದನ್ನು ಖಾಲಿ ಜಾಗ ಎಂದುಕೊಂಡರು. 19ನೇ ಶತಮಾನದಿಂದ ಆಸ್ಟ್ರೇಲಿಯಾದ ನೀಲಗಿರಿ ಮರ, ವ್ಯಾಟಲ್ ಮರಗಳು ಅಲ್ಲಿ ಬಂದವು. ಆ ಮರದ ಕನ್ನಡ ಹೆಸರೇ ‘ನೀಲಗಿರಿ’ ಆಗಿಹೋಯಿತು ನೋಡಿ, ಹೊರಗಿನಿಂದ ಬಂದದ್ದು ಬೆಟ್ಟದ ಹೆಸರನ್ನೇ ತೆಗೆದುಕೊಂಡಿತು. ಸ್ವಾತಂತ್ರ್ಯಾನಂತರವೂ ನೆಡುತೋಪು ಮುಂದುವರಿಯಿತು.

ಆ ಜೌಗಿನ ಕಪ್ಪು ಮಣ್ಣಿನಲ್ಲಿ ಏನಿತ್ತು ಗೊತ್ತೇ? ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ನೀಲಗಿರಿಯ ಈ ಪೀಟ್ ಮಣ್ಣಿನ ಕಾರ್ಬನ್-13ನ್ನು ಅಳೆದು, ಹಿಮಯುಗದ ಕಾಲದಿಂದ ಇಲ್ಲಿ ಹುಲ್ಲು ಮತ್ತು ಕಾಡಿನ ಪಾಲು ಹೇಗೆ ಬದಲಾಯಿತು ಎಂದು ಓದಿತು. ಸುಮಾರು 20,000 ವರ್ಷಗಳ ಹಿಂದೆ ಹವೆ ಒಣಗಿತ್ತು, ಹುಲ್ಲು ಹೆಚ್ಚಿತ್ತು. ಸುಮಾರು 11,000 ವರ್ಷಗಳ ಹಿಂದೆ ಮುಂಗಾರು ಬಲಗೊಂಡು ಮರಗಳು ಹೆಚ್ಚಿದವು. ಹಾಗಾಗಿ ಹುಲ್ಲುಗಾವಲು ಯಾರೋ ಕಾಡು ಕಡಿದು ಮಾಡಿದ ಬಯಲಲ್ಲ, ಅದು ಪುರಾತನ. ಅದರ ಇಂಗಾಲ ಮಣ್ಣಿನ ಒಳಗಿದೆ, ಕಣ್ಣಿಗೆ ಬೀಳುವುದಿಲ್ಲ. ‘ಶ್ವಾಸಕೋಶ’ ಎಂಬ ಪದಕ್ಕೆ ಮರ ಮಾತ್ರ ಕಾಣುತ್ತದೆ, ಮಣ್ಣು ಕಾಣುವುದಿಲ್ಲ. ಆದರೆ ಲೋಕದ ಮಣ್ಣಿನಲ್ಲಿರುವ ಇಂಗಾಲ ಎಲ್ಲ ಗಿಡಮರಗಳಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು.

5. ಪದದ ಹಿಂದಿನ ಅಳತೆ

ಈ ವಿಷಯದ ಕನ್ನಡ ಬರಹಗಳು ಹವಾಯಿಯಿಂದ ಶುರುವಾಗಿ ಹವಾಯಿಯಲ್ಲೇ ಮುಗಿಯುವುದನ್ನೂ ಗಮನಿಸಬೇಕು. ಕಾರವಾರ ದಾಟಿದರೆ ಗೋವಾದ ಕಾಣಕೋಣ. ಅಲ್ಲಿ ಸಮುದ್ರದ ಮೇಲೆ ಚಾಚಿಕೊಂಡ ಕಾಬೊ ದೆ ರಾಮ ಎಂಬ ಬಂಡೆಯ ಮೂಗು ಇದೆ. 1993ರಿಂದ ಅಲ್ಲಿ ಗಾಜಿನ ಬಾಟಲಿಗಳಲ್ಲಿ ಗಾಳಿ ಹಿಡಿದು, ಆಸ್ಟ್ರೇಲಿಯಾದ ಸಿ.ಎಸ್.ಐ.ಆರ್.ಒ. ಪ್ರಯೋಗಾಲಯಕ್ಕೆ ಕಳಿಸಿ ಅಳೆಸಲಾಯಿತು. ಅಹಮದಾಬಾದಿನ ಭೌತ ಸಂಶೋಧನಾಲಯದ ವಿಜ್ಞಾನಿಗಳು ಈ ಕೆಲಸದಲ್ಲಿದ್ದರು. ಮುಂಗಾರಿನಲ್ಲಿ ಅಲ್ಲಿಗೆ ಬರುವುದು ಸಮಭಾಜಕದ ಆಚೆ ದಕ್ಷಿಣ ಗೋಳಾರ್ಧದಿಂದ ಸಮುದ್ರ ದಾಟಿದ ಗಾಳಿ. ಚಳಿಗಾಲದಲ್ಲಿ ಬರುವುದು ಭಾರತದ ನೆಲದ ಮೇಲೆ ಹಾದ ಗಾಳಿ. ಒಂದೇ ಬಂಡೆಯ ಮೇಲೆ ನಿಂತು ಎರಡು ಲೋಕದ ಗಾಳಿಯನ್ನು ಹೋಲಿಸಬಹುದು. ನಮ್ಮ ಪಾಠಗಳಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಯಾಕೆ ಇಲ್ಲ? ಅಳತೆ ಬೇರೆಲ್ಲೋ ನಡೆಯುತ್ತದೆ, ನಾವು ಬರೀ ಪದ ಅನುವಾದ ಮಾಡುತ್ತೇವೆ ಎಂಬ ಭಾವನೆ ಹೀಗೆಯೇ ಬೇರುಬಿಡುತ್ತದೆ.

6. ಹಾಗಾದರೆ ಏನು ಹೇಳೋಣ?

‘ಚಕ್ರ’ವನ್ನು ಪೂರ್ತಿ ಬಿಡಬೇಕಿಲ್ಲ. ಅದರ ಜೊತೆಗೆ ‘ಕೆರೆ’ಯನ್ನು ಇಡೋಣ. ರಾಯದುರ್ಗ, ಮಡಕಶಿರಾ ಕಡೆಯವರಿಗೆ ಕೆರೆ, ತೂಬು, ಕೋಡಿ ವಿವರಿಸಬೇಕಾಗಿಲ್ಲ. ಹಳ್ಳ ತರುವಷ್ಟು ನೀರು ತೂಬಿನಿಂದ ಹೋಗುತ್ತಿದ್ದರೆ ಮಟ್ಟ ನಿಲ್ಲುತ್ತದೆ. ಹಳ್ಳ ದೊಡ್ಡದೋ ಚಿಕ್ಕದೋ ಎನ್ನುವುದು ಮುಖ್ಯವಲ್ಲ. ಪಕ್ಕದಲ್ಲಿ ಯಾರೋ ಆಳದ ಕೊಳವೆಬಾವಿ ಕೊರೆದು ಹಗಲೂ ರಾತ್ರಿ ಕೆರೆಗೇ ನೀರು ಬಿಟ್ಟರೆ ಮಟ್ಟ ಏರುತ್ತದೆ. ಬಿಡುವುದನ್ನು ಅರ್ಧ ಮಾಡಿದರೂ ಮಟ್ಟ ಏರುತ್ತಲೇ ಇರಬಹುದು, ನಿಧಾನವಾಗಿ ಅಷ್ಟೆ. ‘ಹೊರಸೂಸುವಿಕೆ ಕಡಿಮೆಯಾಯಿತು’ ಎನ್ನುವುದೂ ‘ಗಾಳಿಯಲ್ಲಿ ಕಡಿಮೆಯಾಯಿತು’ ಎನ್ನುವುದೂ ಬೇರೆ ಬೇರೆ ಎಂದು ತಿಳಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣುತ್ತಿಲ್ಲ. ‘ಹಸಿರುಮನೆ’ಯ ಜಾಗದಲ್ಲಿ ‘ಕಂಬಳಿ’ ಅನ್ನಬಹುದು. ‘ಶ್ವಾಸಕೋಶ’ದ ಜಾಗದಲ್ಲಿ ‘ಕಣಜ’.

ಇವಕ್ಕೂ ಮಿತಿ ಇದೆ. ಕಂಬಳಿಯೂ ಗಾಜಿನ ಹಾಗೆ ಗಾಳಿಯ ಓಡಾಟವನ್ನು ತಡೆದೇ ಬಿಸಿ ಕೊಡುತ್ತದೆ. ಕೆರೆಗೆ ಕೋಡಿ ಇರುತ್ತದೆ, ಹೆಚ್ಚಾದದ್ದು ಹರಿದುಹೋಗುತ್ತದೆ, ವಾತಾವರಣಕ್ಕೆ ಅಂಥ ಕೋಡಿ ಇಲ್ಲ. ಕಣಜವನ್ನು ಮನುಷ್ಯ ಕಟ್ಟಬಲ್ಲ, ಜೌಗನ್ನು ಕಟ್ಟಲಾರ. ಯಾವ ರೂಪಕ ಎಲ್ಲಿ ಮುರಿಯುತ್ತದೆ ಎಂದು ಅದೇ ಪಾಠದಲ್ಲಿ ಹೇಳಿಬಿಟ್ಟರೆ ಮಗುವಿಗೆ ವಿಜ್ಞಾನವೂ ಸಿಗುತ್ತದೆ, ಭಾಷೆಯ ಎಚ್ಚರವೂ ಸಿಗುತ್ತದೆ. ಇಷ್ಟು ಹೇಳಿ ಚರ್ಚೆಗೆ ಬಿಡುತ್ತೇನೆ.

ಚರ್ಚೆಯಿಂದ

ಪ್ರಶ್ನೆ (ಆದವಾನಿಯ ಒಬ್ಬ ಸಹಪಾಠಿ): ನೀವು ಕಾರ್ಬನ್ ಡೈಆಕ್ಸೈಡ್ ಬಗ್ಗೆಯೇ ಹೆಚ್ಚು ಹೇಳಿದ್ರಿ. ಗದ್ದೆಯ ಮೀಥೇನ್, ದನದ ಮೀಥೇನ್ ಅಂತ ರೈತರ ಮೇಲೂ ದೂರು ಬರುತ್ತಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಮೀಥೇನ್ ಶಾಖ ಹಿಡಿಯುವುದರಲ್ಲಿ ಬಲಶಾಲಿ, ಆದರೆ ಗಾಳಿಯಲ್ಲಿ ಉಳಿಯುವುದು ಹತ್ತು ಹನ್ನೆರಡು ವರ್ಷ ಅಷ್ಟೆ. ಕೆರೆಯ ಭಾಷೆಯಲ್ಲಿ ಹೇಳೋದಾದ್ರೆ ಅದರ ತೂಬು ದೊಡ್ಡದು, ಬಿಡುವುದು ಕಡಿಮೆಯಾದರೆ ಮಟ್ಟ ಬೇಗ ಇಳಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ಎರಡನ್ನೂ ಒಂದೇ ಅಂಕಿಗೆ ಸೇರಿಸುವಾಗ ರಾಜಕೀಯವೂ ಸೇರುತ್ತದೆ. 1991ರಲ್ಲಿ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಕೇಳಿದ್ದು ಇದನ್ನೇ: ಬಡ ರೈತನ ಬದುಕಿಗೆ ಬೇಕಾದ ಗದ್ದೆಯ ಅನಿಲವನ್ನೂ ಶ್ರೀಮಂತ ದೇಶದ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಗದ್ದೆಯ ಮೀಥೇನ್ ನಿಜ, ಕಡಿಮೆ ಮಾಡುವ ದಾರಿಗಳೂ ಇವೆ, ಗದ್ದೆಯನ್ನು ನಡುನಡುವೆ ಒಣಗಲು ಬಿಡುವುದು ಅಂಥದ್ದೊಂದು. ಆದರೆ ಮೊದಲ ಆರೋಪಿಯಾಗಿ ರೈತನನ್ನು ನಿಲ್ಲಿಸುವುದು ಸರಿಯಲ್ಲ.

ಪ್ರಶ್ನೆ (ಒಬ್ಬ ಅಧ್ಯಾಪಕರು): ಪಠ್ಯದಲ್ಲಿ, ಪರೀಕ್ಷೆಯಲ್ಲಿ ‘ಹಸಿರುಮನೆ’ ಅಂತಲೇ ಇರುವಾಗ ನೀವು ‘ಕಂಬಳಿ’ ಅಂದರೆ ವಿದ್ಯಾರ್ಥಿಗೆ ಗೊಂದಲ ಆಗೋದಿಲ್ವೇ?

ಉತ್ತರ: ಸರ್, ಪರಿಭಾಷೆಯನ್ನು ಬದಲಿಸಿ ಅಂತ ನಾನು ಕೇಳುತ್ತಿಲ್ಲ. ಅದು ನಾಲ್ಕು ರಾಜ್ಯಗಳ ಪಠ್ಯಪುಸ್ತಕ ಸಮಿತಿಗಳ ಕೆಲಸ, ನಮ್ಮ ಕೈಯಲ್ಲಿಲ್ಲ. ಪರೀಕ್ಷೆಗೆ ಹಸಿರುಮನೆಯೇ ಇರಲಿ. ತರಗತಿಯಲ್ಲಿ ಪಾಠ ಮಾಡುವಾಗ ‘ಇದು ಗಾಜಿನ ಮನೆಯ ಹೋಲಿಕೆ, ಇಲ್ಲಿಯವರೆಗೆ ಸರಿ, ಇಲ್ಲಿಂದ ಮುಂದೆ ಸರಿಯಲ್ಲ’ ಎಂದು ಎರಡು ಮಾತು ಸೇರಿಸಬಹುದು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಪ್ರಶ್ನೆ (ನೀಲಗಿರಿಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ): ಹಾಗಾದ್ರೆ ಮರ ನೆಡೋದೇ ಬೇಡ ಅಂತೀರಾ?

ಉತ್ತರ: ಖಂಡಿತ ಇಲ್ಲ. ಕಡಿದ ಕಾಡಿನ ಜಾಗದಲ್ಲಿ ಆ ಊರಿನದೇ ಮರ ಬರಲಿ. ಆದರೆ ಹುಲ್ಲುಗಾವಲಿನಲ್ಲಿ ಮರ ನೆಟ್ಟು ಅದನ್ನು ಕಲ್ಲಿದ್ದಲಿಗೆ ಪರಿಹಾರ ಅನ್ನಬಾರದು. ಕಲ್ಲಿದ್ದಲಿನ ಇಂಗಾಲ ನೆಲದಡಿ ಕೋಟ್ಯಂತರ ವರ್ಷ ಇತ್ತು. ಮರ ಅದನ್ನು ಕೆಲವು ದಶಕ ಹಿಡಿದೀತು, ಒಂದು ಕಾಡ್ಗಿಚ್ಚು ಬಂದರೆ ಅದೂ ಇಲ್ಲ. ಕಣಜಕ್ಕೆ ಹಾಕಿದ್ದನ್ನು ಹೂತಿಟ್ಟದ್ದಕ್ಕೆ ಸಮ ಎಂದು ಲೆಕ್ಕ ಬರೆಯುವುದು ತಪ್ಪು ಲೆಕ್ಕ. ನೆಲದಡಿ ಇರುವುದನ್ನು ಅಲ್ಲೇ ಬಿಡುವುದು ಮೊದಲ ಕೆಲಸ, ಮರ ಅದರ ನಂತರದ ಮಾತು.

ಸಮಯ ಮೀರಿದೆ ಅಂತ ಅಧ್ಯಕ್ಷರು ಸೂಚಿಸುತ್ತಿದ್ದಾರೆ.